ಎಂಟು ಮಗ್ಗುಲಿನ ಸಿಂಫನಿ

ಸಿಂಫನಿ ಕೇಳಲು ಶುರುಮಾಡುವುದು ಹೇಗೆ ಎಂದು ನನ್ನನ್ನು ಯಾರೂ ಕೇಳಬಾರದು. ಕೇಳಿದರೆ ಹೇಳಿಬಿಡುತ್ತೇನೆ. ಪೂರ್ತಿ ತಿಳಿದವರು ಹತ್ತಿರದಲ್ಲಿ ಇಲ್ಲದಾಗ ಅರ್ಧ ತಿಳಿದವನು ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟವೆಂಬುದು ಮಾಸ್ತರಿಕೆ ಮಾಡಿದವರಿಗೆ ಗೊತ್ತು.

ಮೊನ್ನೆ ಭಟ್ಕಳದಲ್ಲಿ ಹಾಗೆಯೇ ಆಯಿತು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸ್ನೇಹಿತರಾದ ಸಾಹೇಬರು ಹೊಸ ರೇಡಿಯೋ ತಂದಿದ್ದಾರೆ. ಮುಳ್ಳು ತಿರುಗಿಸುತ್ತ ತಿರುಗಿಸುತ್ತ ಯಾವುದೋ ದೇಶದ ಸಿಂಫನಿಗೆ ಸಿಕ್ಕಿಬಿದ್ದರಂತೆ. "ಮಾಸ್ಟರ್ ಸಾಬ್, ದೊಡ್ಡ ಬಂಗಲೆ ಅಂತ ಗೊತ್ತಾಗ್ತದೆ. ಒಳಗೆ ತುಂಬ ಜನ ಇದ್ದಾರೆ ಅಂತಲೂ ಗೊತ್ತಾಗ್ತದೆ. ಬಾಗಿಲು ಎಲ್ಲಿ?" ಎಂದು ಕೇಳಿದರು. ನಾನು ಚಹಾ ಕುಡಿಯಲು ಹೋದವನು ಊಟದ ಹೊತ್ತಿನ ತನಕ ಕೂತು ಬಾಗಿಲು ತೋರಿಸಿದೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಂದೇ ವ್ಯತ್ಯಾಸ: ಅವರ ಹತ್ತಿರ ಮುಚ್ಚಿಟ್ಟ ಮರ್ಯಾದೆಗೇಡಿನ ಭಾಗವನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಸಿಂಫನಿ ಎಂದರೆ ಪಶ್ಚಿಮದವರ ದೊಡ್ಡ ಮೇಳದ ಸಂಗೀತ. ಅರವತ್ತು ಎಪ್ಪತ್ತು ಜನ ಪಿಟೀಲು, ಕೊಳಲು, ಕಹಳೆ, ನಗಾರಿ ಹಿಡಿದು ಕೂತು, ಒಬ್ಬ ಪುಣ್ಯಾತ್ಮ ಕಾಗದದ ಮೇಲೆ ಬರೆದಿಟ್ಟು ಹೋದದ್ದನ್ನು ಒಂದು ಚುಕ್ಕಿ ಬಿಡದೆ ನುಡಿಸುತ್ತಾರೆ. ಹಾಡಿಲ್ಲ, ಮಾತಿಲ್ಲ. ಸಾಮಾನ್ಯವಾಗಿ ನಾಲ್ಕು ಭಾಗ. ನಾನು ಕೇಳಿದ ಸಿಂಫನಿಯನ್ನು ಬರೆದ ಪುಣ್ಯಾತ್ಮನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ಹೆಸರನ್ನು ಮೂರು ಜನ ಮೂರು ರೀತಿ ಉಚ್ಚರಿಸಿದ್ದನ್ನು ನಾನು ಕೇಳಿದ್ದೇನೆ. ನನ್ನದು ನಾಲ್ಕನೆಯದಾಗುವುದು ಬೇಡ.

ನಾನಾಗ ಹೊನ್ನಾವರದ ಹೈಸ್ಕೂಲಿನಲ್ಲಿ ಹೊಸ ಮಾಸ್ತರ. ಹುಟ್ಟಿದ್ದು ಮುಟ್ಟಳ್ಳಿ, ವಾಸ ಕರ್ಕಿಯಲ್ಲಿ, ಸೋದರತ್ತೆಯ ಮನೆಯಲ್ಲಿ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆದರೆ ಕುಮಟೆಯ ಕೆಲವು ಹಿರಿಯರು ಮಾತ್ರ ಇನ್ನೂ ಮುಂಬಯಿಯಲ್ಲೇ ಇದ್ದರು. ಊಟ ಮತ್ತು ನಿದ್ರೆಗಷ್ಟೇ ಕುಮಟೆ. ಅಂಥವರಲ್ಲಿ ಒಬ್ಬರು ನಾಡಕರ್ಣಿ ರಾಯರು. ಮುಂಬಯಿಯಲ್ಲಿ ಪಿಯಾನೋ ಮಾರುವ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಇದ್ದು, ವಾದ್ಯಗಳ ಹೊಟ್ಟೆ ಬಿಚ್ಚಿ ಹೊಲಿಯುವ ವಿದ್ಯೆ ಕಲಿತು, ನಿವೃತ್ತರಾಗಿ ಬಂದವರು. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗು ಹತ್ತಿರ ಬಂದಾಗ ನಮ್ಮ ಹಾರ್ಮೋನಿಯಮ್ಮಿನ ಎರಡು ಸ್ವರ ಕೆಮ್ಮತೊಡಗಿದವು. ಹೆಡ್‌ಮಾಸ್ತರರು ಅದನ್ನು ನನ್ನ ತೊಡೆಯ ಮೇಲಿಟ್ಟು ಕುಮಟೆಯ ಬಸ್ಸು ಹತ್ತಿಸಿದರು.

ರಾಯರು ಪೆಟ್ಟಿಗೆ ಬಿಚ್ಚಿ ನೋಡಿ ನಕ್ಕರು. "ರಿಪೇರಿ ಮಾಡಬಲ್ಲೆ ಮಾಸ್ತರೆ. ರಿಪೇರಿ ಆಯಿತೋ ಇಲ್ಲವೋ ಅಂತ ನೀವು ಹೇಳಬೇಕು. ನನ್ನ ಕಿವಿ ಹೋಗಿ ವರ್ಷವಾಯಿತು."

ಹಾಗೆಂದು ಅವರು ನನ್ನ ಕೈಗೆ ಒಂದು ಪಾಟಿ ಮತ್ತು ಬಳಪ ಕೊಟ್ಟರು. ಅವರ ಮನೆಯ ಪದ್ಧತಿಯೇ ಅದು: ರಾಯರು ಬಾಯಿಂದ ಮಾತಾಡುತ್ತಾರೆ, ಬಂದವರು ಬಳಪದಿಂದ. ವರ್ಷವಿಡೀ ಮಕ್ಕಳ ಬರಹ ತಿದ್ದುವವನು ಅಂದು ಮೊದಲ ಸಲ ಹಿರಿಯರೊಬ್ಬರ ಮುಂದೆ ಪಾಟಿ ಹಿಡಿದು ಕೂತೆ. "ಸ್ವರ ಸರಿಯಾಯಿತು" ಎಂದು ಬರೆದು ತೋರಿಸಿದಾಗ ಅವರ ಮುಖದಲ್ಲಿ ಅರಳಿದ ಖುಷಿ ಹಾರ್ಮೋನಿಯಮ್ಮಿನದಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಅವರು ಒಳಗೆ ಹೋಗಿ ಒಂದು ಕೀಲಿಯ ಗ್ರಾಮಫೋನು, ನಾಲ್ಕು ದೊಡ್ಡ ಪ್ಲೇಟು ತಂದು ಮುಂದಿಟ್ಟರು. ಅಂಗಡಿಯ ಯಜಮಾನ ತನ್ನ ದೇಶಕ್ಕೆ ಹೋಗುವಾಗ ಇವರಿಗೆ ಬಿಟ್ಟುಹೋದ ಪ್ಲೇಟುಗಳಂತೆ. "ಇದೊಂದೇ ಸಿಂಫನಿ, ಎಂಟು ಮಗ್ಗುಲು. ಅಂಗಡಿಯಲ್ಲಿ ಎಷ್ಟು ವರ್ಷ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಎಲ್ಲ ಇಲ್ಲಿದೆ" ಎಂದು ತಲೆ ಮುಟ್ಟಿಕೊಂಡರು. "ಆದರೆ ಒಳಗೆ ಇದ್ದರೆ ಸಾಲದು ಮಾಸ್ತರೆ. ಹೊರಗಿನಿಂದ ಒಬ್ಬರಾದರೂ ಹೌದು ಅನ್ನಬೇಕು. ಇದನ್ನು ಒಯ್ಯಿರಿ, ಕೇಳಿ. ಆಮೇಲೆ ಬಂದು ನನ್ನ ಹತ್ತಿರ ಮಾತಾಡಿ."

ನಾನು ಆಗಲೇ ಹೇಳಬೇಕಾಗಿತ್ತು, ರಾಯರೇ, ನನಗೆ ಇದರ ಗಂಧವಿಲ್ಲ ಎಂದು. ಬದಲಿಗೆ ಪಾಟಿಯ ಮೇಲೆ "ಪಾಶ್ಚಾತ್ಯ ಸಂಗೀತದಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ" ಎಂದು ಮುದ್ದಾದ ಅಕ್ಷರದಲ್ಲಿ ಬರೆದೆ. ಬಳಪ ಕೈಗೆ ಬಂದರೆ ನನಗೆ ಹಾಗಾಗುತ್ತದೆ.

ತೊಡೆಯ ಮೇಲೆ ಹಾರ್ಮೋನಿಯಂ, ಕಾಲ ಸಂದಿಯಲ್ಲಿ ಗ್ರಾಮಫೋನು, ಎದೆಗೆ ಪ್ಲೇಟು. ಬಸ್ಸಿನ ಕಂಡಕ್ಟರು "ಎಂತ ಮಾಸ್ತರೆ, ಮೇಳ ಕಟ್ಟಿದ್ರಾ?" ಎಂದ. ಮನೆಗೆ ಬಂದರೆ ಅತ್ತೆ ಮೊದಲು ಪೆಟ್ಟಿಗೆಗೆ ಕುಂಕುಮ ಹಚ್ಚಿದಳು, ಇಡಗುಂಜಿ ಗಣಪತಿಗೆ ಒಂದು ಕಾಯಿ ಹೇಳಿಕೊಂಡಳು, ಆಮೇಲೆ ಕೇಳಿದಳು: "ಇದು ಎಂತಕ್ಕೆ?"

ಅತ್ತೆಯ ಬಗ್ಗೆ ಎರಡು ಮಾತು. ಅವಳಿಗೆ ಓದು ಬರುತ್ತಿರಲಿಲ್ಲ. ನನಗೆ ಬರುವ ಕನ್ನಡದಲ್ಲಿ ಒಳ್ಳೆಯ ಭಾಗವೆಲ್ಲ ಅವಳದು. ಉಳಿದದ್ದು ಟ್ರೇನಿಂಗ್ ಕಾಲೇಜಿನದು. ಸುತ್ತಲಿನ ಮದುವೆಗಳಲ್ಲಿ ಹಾಡು ಎತ್ತಿಕೊಡುವವಳು ಅವಳೇ. ಎಣ್ಣೆ ಹಚ್ಚುವಾಗ ಒಂದು ಹಾಡು, ಹಸೆಗೆ ಕರೆಯುವಾಗ ಒಂದು, ಧಾರೆಗೆ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಅದನ್ನು ಹಿಂದಿನಿಂದ ಹಿಡಿಯುತ್ತಾರೆ. ಮದುವೆ ಮನೆಯೆಂದ ಮೇಲೆ ಹಾಡು ಸರಾಗ ಸಾಗುತ್ತದೆಯೇ? ಭಟ್ಟರು ಕೂಗುತ್ತಾರೆ, ಹಾಲು ಉಕ್ಕುತ್ತದೆ, ಬೀಗರು ಬರುತ್ತಾರೆ, ಹಾಡು ನಡುವೆಯೇ ಕಡಿಯುತ್ತದೆ. ಆಗ ಒಂದು ಕಟ್ಟಳೆ ಉಂಟು. ಮತ್ತೆ ಕೂತಾಗ ಮೊದಲಿನಿಂದ ಹಾಡುವ ಹಾಗಿಲ್ಲ, ಬೇರೆ ಹಾಡು ಹಿಡಿಯುವ ಹಾಗೂ ಇಲ್ಲ. ಬಿಟ್ಟ ಪದದಿಂದಲೇ ಎತ್ತಿಕೊಳ್ಳಬೇಕು. ಯಾವ ಪದದಲ್ಲಿ ಬಿಟ್ಟಿತ್ತು ಎಂಬುದನ್ನು ನೆನಪಿಡುವುದು ಎತ್ತಿಕೊಡುವವಳ ಜವಾಬ್ದಾರಿ. ಅರ್ಧಕ್ಕೆ ಬಿಟ್ಟ ಹಾಡು ಮದುಮಗಳ ಕಾಲಿಗೆ ತೊಡರುತ್ತದೆ ಎಂದು ಅತ್ತೆಯ ನಂಬಿಕೆ.

ಇರಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೀಲಿ ಕೊಟ್ಟು ಮೊದಲ ಪ್ಲೇಟು ಹಾಕಿದೆ. ಪಿಟೀಲುಗಳು ಕಳ್ಳ ಹೆಜ್ಜೆಯಲ್ಲಿ ಬಂದವು. ಯಾರೋ ಏನೋ ಕೇಳುತ್ತಾರೆ, ಯಾರೋ ಉತ್ತರ ಹೇಳಲು ಹೋಗಿ ನಿಲ್ಲಿಸುತ್ತಾರೆ. ನಾಲ್ಕು ನಿಮಿಷಕ್ಕೆ ಮಗ್ಗುಲು ಮುಗಿಯಿತು. ಪ್ಲೇಟು ಮಗುಚಿ ಹಾಕಿದೆ. ಎಪ್ಪತ್ತು ಜನರೂ ಒಟ್ಟಿಗೆ ನುಗ್ಗಿದರು! ಕಹಳೆ, ನಗಾರಿ, ಜಯ ಜಯ ಎಂಬ ಆರ್ಭಟ, ಕೊನೆಗೆ ಢಂ, ಢಂ, ಢಂ. ಎರಡನೇ ಪ್ಲೇಟು ಹಾಕಿದರೆ ಮತ್ತೆ ಅದೇ ಕಳ್ಳ ಹೆಜ್ಜೆ.

ಬೇರೆ ಊರಿನವನಾಗಿದ್ದರೆ ಇಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಅನುಮಾನಪಡುತ್ತಿದ್ದ. ಕರ್ಕಿಯಲ್ಲಿ ಇದ್ದವನಿಗೆ ಆ ಅನುಮಾನ ಹೇಗೆ ಬರಬೇಕು? ಯಕ್ಷಗಾನದಲ್ಲಿ ಕಥೆ ಶುರುವಾಗುವ ಮೊದಲೇ ಒಡ್ಡೋಲಗವಿಲ್ಲವೇ? ಚಂಡೆ ಮದ್ದಳೆ ಹೊಡೆದು, ವೇಷಗಳೆಲ್ಲ ಒಟ್ಟಾಗಿ ಕುಣಿದು, ಧೂಳೆಬ್ಬಿಸಿ, ಆಮೇಲಲ್ಲವೇ "ನಾವು ಯಾರು, ಬಂದದ್ದೆಲ್ಲಿಂದ" ಎಂಬ ಸಾವಧಾನದ ಮಾತು? ಇದು ಸಿಂಫನಿಯ ಒಡ್ಡೋಲಗ ಎಂದು ನಾನು ತೀರ್ಮಾನಿಸಿದೆ. ಎಂಟನೆಯ ಸಲ ಮುಳ್ಳು ಇಟ್ಟಾಗ ಅದು ಯಾವುದೋ ಕುಣಿತವನ್ನು ಆರಂಭಿಸಿ ನಡುವಿನಲ್ಲೇ ತುಂಡಾಗಿ ನಿಂತಿತು. ಅದಕ್ಕೂ ನನ್ನಲ್ಲಿ ಸಮಾಧಾನವಿತ್ತು. ಬೆಳಗಾಯಿತೆಂದರೆ ನಮ್ಮ ಭಾಗವತರು ಕಥೆ ಇದ್ದಲ್ಲೇ ಬಿಟ್ಟು ಮಂಗಳ ಹಾಡುವುದಿಲ್ಲವೇ? ಆ ದೇಶದಲ್ಲೂ ಬೆಳಗಾಗುತ್ತದೆ.

ಪ್ಲೇಟಿನ ನಡುವಿನ ಚೀಟಿಯಲ್ಲಿ ಅಂಕೆಗಳಿರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಅದೇ ತೊಂದರೆ. ಸಿಂಫನಿ ಎಷ್ಟನೆಯದು ಎಂಬುದಕ್ಕೆ ಒಂದು ಅಂಕೆ, ಆ ಪುಣ್ಯಾತ್ಮನ ಕೃತಿಗಳಲ್ಲಿ ಎಷ್ಟನೆಯದು ಎಂಬುದಕ್ಕೆ ಒಂದು, ಭಾಗಕ್ಕೆ ಒಂದು, ಕಂಪನಿಯದ್ದು ಒಂದು, ಮಗ್ಗುಲಿಗೆ ಒಂದು. ಇಷ್ಟೊಂದು ಅಂಕೆ ನೋಡಿ, ಇವುಗಳಲ್ಲಿ ಯಾವುದೂ ನನಗಾಗಿ ಬರೆದದ್ದಲ್ಲ ಎಂದು ಬಿಟ್ಟುಬಿಟ್ಟೆ. ಸಂಶಯ ಬಂದಾಗ ಕೇಳದೆ ಉತ್ತರವನ್ನು ತಾನೇ ಕಟ್ಟಿಕೊಳ್ಳುವುದು ನಮ್ಮ ವೃತ್ತಿಯ ರೋಗ; ಮಕ್ಕಳೆದುರು ನಿಂತು ನಿಂತು ಬರುತ್ತದೆ.

ಹದಿನೈದು ದಿನಕ್ಕೊಮ್ಮೆ ಕುಮಟೆಗೆ ಹೋಗಿ ಪಾಟಿಯ ಮೇಲೆ ವರದಿ ಒಪ್ಪಿಸತೊಡಗಿದೆ. ರಾಯರು ಮೊದಮೊದಲು ಕಣ್ಣರಳಿಸಿ ಕೂರುತ್ತಿದ್ದರು. "ಶುರುವಿಗೆ ಎಂತ ಅನ್ನಿಸ್ತು?" ಎಂದರೆ ನಾನು ಬರೆಯುತ್ತಿದ್ದೆ: "ಮೊದಲು ಸಂಶಯ. ಕೂಡಲೆ ಜಯಘೋಷ."

"ಕೂಡಲೆ?"

ನಾನು ಆ ಪದದ ಕೆಳಗೆ ಗೆರೆ ಎಳೆದೆ.

"ಆ ನಿಧಾನದ ಭಾಗ, ಒಂಟಿ ಕೊಳಲು ಬರುವುದು? ಅದು ಬೇಗ ಬರಬೇಕಲ್ಲ?"

"ಇಲ್ಲ. ಜಯಘೋಷವಾಗಿ ಎಷ್ಟೋ ಹೊತ್ತಿನ ಮೇಲೆ."

"ಮತ್ತೆ ಕೊನೆ?"

"ಕೊನೆ ಎಂಬುದೇ ಇಲ್ಲ. ಅರ್ಧಕ್ಕೆ ನಿಲ್ಲುತ್ತದೆ. ಅದರ ಗೂಢಾರ್ಥವೇ ಅದು."

ರಾಯರು ಪಾಟಿಯನ್ನು ಬಹಳ ಹೊತ್ತು ನೋಡಿ, ಪಂಚೆಯ ತುದಿಯಿಂದ ಮೆಲ್ಲಗೆ ಒರೆಸಿದರು. "ಇರಬಹುದು" ಎಂದರು. ಮುಂದಿನ ಸಲ ಪ್ರಶ್ನೆಗಳು ಕಡಿಮೆಯಾದವು. ಅದರ ಮುಂದಿನ ಸಲ ಅವರು ಮಳೆಯ ಬಗ್ಗೆ ಮಾತಾಡಿದರು. ನಾನು ನನ್ನ ವಿದ್ವತ್ತು ಅವರನ್ನು ಮೂಕರನ್ನಾಗಿಸಿತು ಎಂದುಕೊಂಡೆ.

ಮೂರನೆಯ ತಿಂಗಳು ಅವರ ಹೆಂಡತಿ ರಾಧಾಬಾಯಿ ನನ್ನನ್ನು ಗೇಟಿನವರೆಗೆ ಕಳಿಸಲು ಬಂದವರು ಸಣ್ಣ ದನಿಯಲ್ಲಿ ಹೇಳಿದರು: "ಮಾಸ್ತರೆ, ಇವರು ಬೆಳಿಗ್ಗೆ ಸ್ನಾನ ಮಾಡುವಾಗ ಗುಣುಗುಡುತ್ತಿದ್ದರು. ಕಿವಿ ಹೋದ ಮೇಲೂ ಬಿಟ್ಟಿರಲಿಲ್ಲ. ಈಗ ಬಿಟ್ಟಿದ್ದಾರೆ. ಕಿವಿ ಹೋಯಿತು, ಈಗ ತಲೆಯೂ ಹೋಯಿತು, ಎಲ್ಲ ಕಲಸಿಹೋಗಿದೆ ಅನ್ನುತ್ತಾರೆ. ನೀವು ಓದಿದವರು. ಏನಾದರೂ ಉಪಾಯ ಹೇಳಿ."

ನಾನು ಗಂಭೀರವಾಗಿ ಯೋಚಿಸಿ, ವಯಸ್ಸಿಗೆ ಇದು ಸಹಜ, ದಿನಾ ಒಂದೆಲಗದ ತಂಬುಳಿ ಮಾಡಿ ಬಡಿಸಿ, ನೆನಪಿಗೆ ಬಹಳ ಒಳ್ಳೆಯದು ಎಂದು ಹೇಳಿ ಬಸ್ಸು ಹತ್ತಿದೆ. ಈ ಸಾಲು ಬರೆಯುವಾಗ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಮರುವಾರ, ಭಾನುವಾರ. ಅತ್ತೆ ಜಗುಲಿಯಲ್ಲಿ ನನಗೆ ಬೆನ್ನು ಹಾಕಿ ಕೂತು ಅಬ್ಬಲಿಗೆ ಹೂ ಕಟ್ಟುತ್ತಿದ್ದಳು. ನಾನು ಮೊದಲ ಪ್ಲೇಟು ಮುಗಿಸಿ ಮಗುಚುತ್ತಿದ್ದೆ.

"ತಮ್ಮಾ, ಮಗುಚಬೇಡ ಅದನ್ನ" ಎಂದಳು ತಿರುಗದೆ.

"ಎಂತಕ್ಕೆ ಅತ್ತೆ?"

"ಅಲ್ಲಿ ಪಾಪ ಅವರು ಪದ ಬಿಟ್ಟು ಕಾಯ್ತಾ ಇದ್ದಾರೆ. ನೀನು ಹಿಂದಿನ ಮಗ್ಗುಲು ಹಾಕಿ ಬೇರೆ ಮನೆ ಆರತಿ ತಂದು ತುರುಕ್ತೆ. ಅವರು ಬಿಟ್ಟ ಪದ ಎತ್ತಿಕೊಳ್ಳೋದು ಆ ಇನ್ನೊಂದು ಪ್ಲೇಟಿನಲ್ಲಿ. ಮೂರು ತಿಂಗಳಿಂದ ಕೇಳ್ತಾ ಇದ್ದೆ, ನನಗೇ ಕಾಲು ತೊಡರಿದ ಹಾಗಾಗ್ತದೆ."

"ಅತ್ತೆ, ಅದು ಒಡ್ಡೋಲಗ."

"ನಿನ್ನ ತಲೆ. ಢಂ ಅಂತ ಮೂರು ಸಲ ಬಡಿದ ಮೇಲೆ ಎಲೆ ಎತ್ತೋದೇ. ಊಟಕ್ಕೆ ಕೂರುವ ಮೊದಲೇ ಯಾರಾದರೂ ಎಲೆ ಎತ್ತುತ್ತಾರನ?"

ಸೋಲು ಒಪ್ಪಲು ಮನಸ್ಸಿಲ್ಲದಿದ್ದರೂ ಮಗುಚುವುದನ್ನು ಬಿಟ್ಟು ಎರಡನೇ ಪ್ಲೇಟು ಹಾಕಿದೆ. ಮೊದಲ ಪ್ಲೇಟಿನಲ್ಲಿ ಗಾಳಿಯಲ್ಲಿ ಎತ್ತಿದ ಕಾಲು ಎರಡನೆಯದರಲ್ಲಿ ನೆಲಕ್ಕೆ ಬಂತು! ಮೂರನೆಯದು ಹಾಕಿದೆ: ನಿಧಾನದ ಭಾಗ. ನಾಲ್ಕನೆಯದರಲ್ಲಿ ಒಂಟಿ ಕೊಳಲು ಅದನ್ನು ಮುಂದುವರಿಸಿತು. ಆಮೇಲೆ ಕಣ್ಣು ಕಿರಿದು ಮಾಡಿ ಚೀಟಿ ನೋಡಿದೆ. ಮೂಲೆಯಲ್ಲಿ ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದರ ಬೆನ್ನಿಗೆ ಐದು, ಮೂರರ ಬೆನ್ನಿಗೆ ಆರು, ಎರಡರ ಬೆನ್ನಿಗೆ ಏಳು, ಒಂದರ ಬೆನ್ನಿಗೆ ಎಂಟು. ಮುಂದೆ ರಾಯರಿಂದ ತಿಳಿಯಿತು, ಮುಂಬಯಿಯ ಅಂಗಡಿಯಲ್ಲಿದ್ದದ್ದು ಒಂದರ ಮೇಲೊಂದು ಪ್ಲೇಟನ್ನು ತಾನೇ ಬೀಳಿಸಿಕೊಳ್ಳುವ ಯಂತ್ರ. ನಾಲ್ಕೂ ಬಿದ್ದ ಮೇಲೆ ಇಡೀ ಕಟ್ಟನ್ನು ಒಮ್ಮೆಗೇ ಮಗುಚಿ ಇಡುತ್ತಿದ್ದರು. ಆ ಯಂತ್ರಕ್ಕೆಂದು ಹೊಂದಿಸಿದ ಪ್ಲೇಟುಗಳನ್ನು ನಾನು ದೋಸೆಯ ಹಾಗೆ ಒಂದೊಂದಾಗಿ ಮಗುಚುತ್ತ ಬಂದಿದ್ದೆ. ಒಂದಾದ ಮೇಲೆ ಎಂಟು, ಎರಡಾದ ಮೇಲೆ ಏಳು!

ಎಂಟೂ ಮಗ್ಗುಲು ಕ್ರಮವಾಗಿ ಹಾಕಿದೆ. ಕೊನೆಯಲ್ಲಿ ಆ ಜಯಘೋಷ ಬಂತು. ಹಿಂದೆ ನನಗೆ ಬರಿ ಗದ್ದಲವಾಗಿ ಕೇಳಿದ್ದು ಈಗ ದೂರದಿಂದ ನಡೆದು ಮನೆ ಸೇರಿದವರ ಸಂತೋಷವಾಗಿ ಕೇಳಿತು. ಢಂ, ಢಂ, ಢಂ. ಅತ್ತೆ ಹೂವಿನ ಮಾಲೆಗೆ ಗಂಟು ಹಾಕಿ "ಆತು" ಎಂದಳು.

ಅವಳಿಗೆ ಆತು. ನನಗೆ ಆಗ ಶುರುವಾಯಿತು. ರಾಯರ ಪ್ರಶ್ನೆಗಳು ಒಂದೊಂದಾಗಿ ನೆನಪಿಗೆ ಬಂದವು. ಕೂಡಲೆ? ಬೇಗ ಬರಬೇಕಲ್ಲ? ಮತ್ತೆ ಕೊನೆ? ಆ ಮನುಷ್ಯನ ತಲೆಯಲ್ಲಿ ಸಿಂಫನಿ ಒಂದು ಎಳೆ ಕದಲದೆ ಇತ್ತು. ಅದನ್ನು ಕಲಸಿದ್ದು ನನ್ನ ಬಳಪ. ಹೌದು ಅನ್ನಲು ಒಬ್ಬನನ್ನು ಹುಡುಕಿದ್ದರು. ಆ ಒಬ್ಬ ಮೂರು ತಿಂಗಳು ಅಲ್ಲ, ಅಲ್ಲ, ಅಲ್ಲ ಎಂದು ಬರೆದಿದ್ದ. ಮೇಲಿಂದ ತಂಬುಳಿ ಬೇರೆ.

ಅಂದು ಸಂಜೆಯೊಳಗೆ ಇನ್ನೆರಡು ಸಲ ಪೂರ್ತಿ ಕೇಳಿದೆ. ಸೋಮವಾರ "ತುರ್ತು ಕೌಟುಂಬಿಕ ಕಾರಣ" ಎಂದು ರಜೆಚೀಟಿ ಬರೆದಿಟ್ಟು ಮೊದಲ ಬಸ್ಸಿಗೆ ಕುಮಟೆಗೆ ಹೋದೆ. "ಹೇಳೋದನ್ನು ಮೊದಲಿಂದ ಹೇಳು, ನಡುವಿಂದ ಸುರು ಮಾಡಬೇಡ" ಎಂದು ಅತ್ತೆ ಹೊಸ್ತಿಲಲ್ಲಿ ಬುದ್ಧಿ ಹೇಳಿದಳು.

ರಾಯರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ "ಈ ಸಲ ಮಳೆ ಬೇಗ ಹಿಡಿಯುವ ಹಾಗಿದೆ" ಎಂದರು. ನಾನು ಪಾಟಿ ತೆಗೆದುಕೊಂಡು ಮೂಲೆಯಲ್ಲಿ ಕೂತು ಬರೆಯತೊಡಗಿದೆ. "ರಾಯರೇ, ನಾನು ಪ್ಲೇಟುಗಳನ್ನು ಒಂದೊಂದಾಗಿ ಮಗುಚಿ ಹಾಕಿದೆ. ಒಂದಾದ ಮೇಲೆ ಎಂಟು ಕೇಳಿದೆ. ತಿಳಿಯದಿದ್ದರೂ ತಿಳಿದವನ ಹಾಗೆ ನಿಮಗೆ ವರದಿ ಬರೆದೆ. ನನಗೆ ಈ ಸಂಗೀತದಲ್ಲಿ ಮೊದಲಿನಿಂದ ಆಸಕ್ತಿ ಎಂದದ್ದೂ ಸುಳ್ಳು." ಅಷ್ಟಕ್ಕೆ ಪಾಟಿ ತುಂಬಿತು. ಮಗುಚಿ ಹಿಂದಿನ ಮಗ್ಗುಲಲ್ಲಿ ಬರೆದೆ: "ಆದ್ದರಿಂದ ನಿಮ್ಮ ತಲೆಯಲ್ಲಿರುವುದೇ ಪೂರ್ತಿ ಸರಿ. ಕೊಳಲು ಬೇಗ ಬರುತ್ತದೆ. ಕೊನೆಯೂ ಇದೆ, ಬಹಳ ದೊಡ್ಡ ಕೊನೆ. ಒಂದೆಲಗ ತಿನ್ನಬೇಕಾದವನು ನಾನು."

ಬರೆದು, ಮಗುಚದೆ ಹಾಗೆಯೇ ಎತ್ತಿ ಅವರ ಕೈಗೆ ಕೊಟ್ಟೆ. ಮೇಲಿದ್ದದ್ದು ಹಿಂದಿನ ಮಗ್ಗುಲು.

ಅವರು ಓದಿದರು. ಒಂದು ಸಲ, ಎರಡು ಸಲ. ಕನ್ನಡಕ ತೆಗೆದು ಒರೆಸಿ ಮತ್ತೊಂದು ಸಲ. ಆಮೇಲೆ ಹೊಟ್ಟೆಯಿಂದ ಒಂದು ನಗು ಎದ್ದಿತು. "ಅಗೋ, ಹಾಂಗಾ ಯೋ!" ಎಂದು ಕೊಂಕಣಿಯಲ್ಲಿ ಹೆಂಡತಿಯನ್ನು ಕೂಗಿ ಕರೆದರು. "ತಲೆ ಇದೆ! ತಲೆ ಇದೆಯಂತೆ! ತಿಂಗಳುಗಟ್ಟಲೆ ಆ ಹಸಿರು ತಂಬುಳಿ ಸುಮ್ಮನೆ ಉಂಡೆನಲ್ಲ!"

ವಾರವೊಂದರ ತಂಬುಳಿ ಅವರ ಬಾಯಲ್ಲಿ ತಿಂಗಳುಗಟ್ಟಲೆಯಾಗಿತ್ತು. ರಾಧಾಬಾಯಿ ಒದ್ದೆ ಕೈಯಲ್ಲೇ ಓಡಿ ಬಂದರು. ನಾನು ಪಾಟಿಯನ್ನು ತೋರಿಸಿ, ಮಗುಚಿ ಓದಿ ಎಂದು ಸನ್ನೆ ಮಾಡಿದೆ. ರಾಯರು ಮಗುಚಿದರು. ನನ್ನ ಪಾಪವನ್ನೆಲ್ಲ ಸಾವಕಾಶ ಓದಿದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧನಾದೆ.

"ಅಲ್ಲಾ ಮಾಸ್ತರೆ," ಎಂದರು, "ಇಲ್ಲಿಯೂ ಎಂಟನೇ ಮಗ್ಗುಲನ್ನೇ ಮೊದಲು ಕೊಟ್ಟಿರಲ್ಲ!"

ಆಮೇಲೆ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಬೆರಳುಗಳು ಕುರ್ಚಿಯ ಕೈಯ ಮೇಲೆ ಕಳ್ಳ ಹೆಜ್ಜೆ ಇಡತೊಡಗಿದವು. ಪಿಟೀಲುಗಳು ಬಂದವೆಂದು ನನಗೆ ತಿಳಿಯಿತು. ಗ್ರಾಮಫೋನು ಕರ್ಕಿಯಲ್ಲಿತ್ತು, ಜಗುಲಿಯಲ್ಲಿ ಇದ್ದದ್ದು ಕಾಗೆಯ ಸದ್ದು, ಒಳಗಿನ ಒಗ್ಗರಣೆಯ ಸದ್ದು. ಆದರೂ ನಾವಿಬ್ಬರೂ ಸಿಂಫನಿ ಕೇಳುತ್ತ ಕೂತಿದ್ದೆವು. ಮಗ್ಗುಲು ಮುಗಿದಲ್ಲಿ ಅವರು ನಾಲಿಗೆಯಿಂದ ಟಕ್ ಎನ್ನುತ್ತಿದ್ದರು. ಅದು ಆ ಯಂತ್ರದಲ್ಲಿ ಮುಂದಿನ ಪ್ಲೇಟು ಬೀಳುವ ಸದ್ದು. ಮೂರು ಸಲ ಟಕ್ ಎಂದರು. ಬೆರಳುಗಳು ನಿಧಾನವಾದವು, ನಿಂತವು. ನಾನು ತಡೆಯಲಾರದೆ ಎರಡೂ ಕೈ ತುಟಿಯ ಬಳಿಗೆ ತಂದು ಕೊಳಲು ಹಿಡಿದೆ. ಅದೇ ಹೊತ್ತಿಗೆ ಅವರು ಕಣ್ಣು ಬಿಟ್ಟು ನೋಡಿದರು.

"ಹೌದು" ಎಂದರು.

ನಾನೂ ಹೌದು ಎಂದು ತಲೆ ಆಡಿಸಿದೆ. ಇನ್ನೇನೂ ಬರೆಯಬೇಕಾಗಲಿಲ್ಲ. ಅರ್ಧ ದಾರಿಗೆ ಬಂದಾಗ ಅವರು ಅಂಗೈಯನ್ನು ಗಂಭೀರವಾಗಿ ಎತ್ತಿ ಮಗುಚಿದರು, ಇಡೀ ಕಟ್ಟು ಮಗುಚಿತು, ಐದನೇ ಮಗ್ಗುಲು ಶುರುವಾಯಿತು.

ಇಷ್ಟು ಕಥೆಯಾದ ಮೇಲೆ ಹೊಸಬರಿಗೆ ನಾನು ಕೊಡುವ ಉಪದೇಶ ಎಷ್ಟು ಉಳಿಯುತ್ತದೆ? ಬಟ್ಟೆ ಅಂಗಡಿಯ ಸಾಹೇಬರಿಗೆ ಹೇಳಿದ್ದು ಇಷ್ಟೇ. ಒಂದೇ ಸಿಂಫನಿ ಹಿಡಿಯಿರಿ, ಅದನ್ನೇ ಹತ್ತು ಸಲ ಕೇಳಿ. ಎಪ್ಪತ್ತು ಜನರನ್ನೂ ಹಿಂಬಾಲಿಸಲು ಹೋಗಬೇಡಿ. ಒಂದು ರಾಗದ ತುಣುಕನ್ನು ಗುರುತಿಟ್ಟುಕೊಂಡು ಅದು ಎಲ್ಲಿ ಕಾಣೆಯಾಯಿತು, ಯಾವ ವೇಷ ಹಾಕಿಕೊಂಡು ತಿರುಗಿ ಬಂತು ಎಂದು ನೋಡಿ. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಳ್ಳಿ, ಹೂ ಕಟ್ಟುವುದಾದರೂ ಆದೀತು, ಅಂಗಿಗೆ ಗುಂಡಿ ಹೊಲಿಯುವುದಾದರೂ ಆದೀತು. ಕೆಲಸವಿಲ್ಲದ ಕೈ ಬಳಪ ಹುಡುಕುತ್ತದೆ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ಆಕಾಶ ಬೀಳುವುದಿಲ್ಲ.

"ಮತ್ತೆ ಮೊದಲಿನಿಂದಲೇ ಕೇಳಬೇಕಾ? ನನ್ನ ರೇಡಿಯೋ ಯಾವಾಗಲೂ ನಡುವಿನಿಂದ ಹಿಡಿಯುತ್ತದೆ" ಎಂದು ಸಾಹೇಬರು ಕೇಳಿದರು.

ಮೊದಲಿನಿಂದ ಕೇಳಿದರೆ ಒಳ್ಳೆಯದು ಎಂದೆ. ಆದರೆ ಯಾವಾಗಲಾದರೂ ಕೊನೆಯೇ ಮೊದಲು ಬಂದುಬಿಟ್ಟರೆ ಬಹಳ ಬೇಸರ ಮಾಡಿಕೊಳ್ಳಬೇಡಿ ಎಂದೂ ಸೇರಿಸಿದೆ. ಕಾರಣ ಹೇಳಲಿಲ್ಲ. ನಿಮಗೆ ಗೊತ್ತಿದೆ: ಕುಮಟೆಯ ಆ ಜಗುಲಿಯಲ್ಲಿ, ನನ್ನ ತಪ್ಪು ಏನೆಂದು ತಿಳಿಯುವ ಮೊದಲೇ ರಾಯರು ನನ್ನನ್ನು ಕ್ಷಮಿಸಿ ನಕ್ಕಾಗಿತ್ತು.